ನೀರು ಕುಡಿದ ಎಂಜಿನ್: ರಿಪೇರಿಯೋ, ಬದಲಾವಣೆಯೋ?

ಪ್ರಶ್ನೆ: ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ನನ್ನದು ಆರು ವರ್ಷ ಹಳೆಯ 1200 ಸಿಸಿ ಪೆಟ್ರೋಲ್ ಕಾರು. ಮೊನ್ನೆಯ ಮಳೆಯಲ್ಲಿ ಪಣತ್ತೂರಿನ ರೈಲ್ವೆ ಅಂಡರ್‌ಪಾಸ್‌ನ ನೀರಿಗೆ ಇಳಿದಾಗ ಎಂಜಿನ್ ಆಫ್ ಆಯಿತು. ಎರಡು ಸಲ ಸೆಲ್ಫ್ ಹೊಡೆದೆ. ಎರಡನೆಯ ಸಲ ‘ಟಕ್’ ಎಂದು ಸದ್ದಾಗಿ ನಿಂತುಹೋಯಿತು. ಸರ್ವೀಸ್ ಸೆಂಟರ್‌ನವರು ಎಂಜಿನ್ನೇ ಬದಲಾಯಿಸಬೇಕು ಎನ್ನುತ್ತಾರೆ. ಪೀಣ್ಯದಲ್ಲಿ ಪರಿಚಯದ ಮೆಕ್ಯಾನಿಕ್ ಒಬ್ಬರು ರಾಡ್ ಹಾಕಿದರೆ ಸಾಕು ಎನ್ನುತ್ತಾರೆ. ಯಾರನ್ನು ನಂಬಲಿ? ನಮ್ಮ ಆಫೀಸಿನವರೊಬ್ಬರ ಕಾರು 2022ರಲ್ಲಿ ಎರಡು ದಿನ ಬೇಸ್‌ಮೆಂಟ್‌ನಲ್ಲಿ ಮುಳುಗಿದ್ದರೂ ಅದರ ಎಂಜಿನ್ ರಿಪೇರಿಯಾಯಿತು. ನನ್ನದು ನೀರಿನಲ್ಲಿದ್ದುದು ಐದೇ ನಿಮಿಷ. ಇದು ಹೇಗೆ? ಇನ್ನೊಂದು ಮಾತು: ಮಲ್ಪೆಯಲ್ಲಿರುವ ನಮ್ಮ ಭಾವ ಒಂದು ಜೆಟ್ ಸ್ಕೀ ಇಟ್ಟುಕೊಂಡಿದ್ದಾರೆ. ಅದಕ್ಕೂ ಇದೇ ಲೆಕ್ಕವೇ?

ಉತ್ತರ: ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಕಡೆ ವಾಸಿಸುವವರಿಗೆ ಪ್ರತಿ ಮಳೆಗಾಲದಲ್ಲೂ ಎದುರಾಗುವ ಪ್ರಶ್ನೆ ಇದು. 2022ರ ಸೆಪ್ಟೆಂಬರ್ ಮೊದಲ ವಾರ ಯಮಲೂರು, ರೇನ್‌ಬೋ ಡ್ರೈವ್ ಬಡಾವಣೆಗಳ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಮನೆಯಿಂದ ಹೊರಬಂದದ್ದು ನಿಮಗೆ ನೆನಪಿರಬಹುದು. ಆಗ ಮುಳುಗಿದ ಕಾರುಗಳ ಮಾಲೀಕರೂ ನೀವೀಗ ನಿಂತಿರುವ ಜಾಗದಲ್ಲೇ ನಿಂತಿದ್ದರು: ಒಬ್ಬರು ಬದಲಾಯಿಸಿ ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ, ಎಂಜಿನ್ ಬಿಚ್ಚಿ ನೋಡಿದವರು ಮಾತ್ರ ಯಾರೂ ಇಲ್ಲ.

ಐದು ನಿಮಿಷ ಮತ್ತು ಎರಡು ದಿನದ ಒಗಟನ್ನು ಮೊದಲು ಬಿಡಿಸೋಣ. ಅದು ಅರ್ಥವಾದರೆ ಮಿಕ್ಕದ್ದು ಸುಲಭವಾಗುತ್ತದೆ.

ನಿಮ್ಮ ಕಾರಿನ ಎಂಜಿನ್‌ಗೆ ನಾಲ್ಕು ಸಿಲಿಂಡರ್ ಎಂದಿಟ್ಟುಕೊಂಡರೆ, ಒಂದೊಂದರಲ್ಲೂ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ಸುಮಾರು 300 ಮಿಲಿಲೀಟರ್ ಜಾಗವನ್ನು ಒತ್ತುತ್ತದೆ. ಕಂಪ್ರೆಷನ್ ಅನುಪಾತ 10:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವುದು ಸುಮಾರು 33 ಮಿಲಿಲೀಟರ್ ಜಾಗ, ಅಂದರೆ ಎರಡು ದೊಡ್ಡ ಚಮಚದಷ್ಟು. ಗಾಳಿಯಾದರೆ ಅಷ್ಟರಲ್ಲೇ ಅಡಗಿ ಕೂರುತ್ತದೆ. ನೀರು ಹಾಗೆ ಅಡಗುವುದಿಲ್ಲ. ಏರ್ ಫಿಲ್ಟರ್ ದಾಟಿ ಬಂದ ನೀರು ಒಂದು ಸಿಲಿಂಡರ್‌ನಲ್ಲಿ ಆ ಎರಡು ಚಮಚಕ್ಕಿಂತ ಹೆಚ್ಚಾದರೆ, ಮೇಲಕ್ಕೆ ಬರುತ್ತಿರುವ ಪಿಸ್ಟನ್ ನಡುದಾರಿಯಲ್ಲೇ ನಿಲ್ಲಬೇಕಾಗುತ್ತದೆ. ಆದರೆ ಕೆಳಗೆ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ, ಫ್ಲೈವೀಲ್‌ನ ಭಾರ ಅದನ್ನು ತಳ್ಳುತ್ತಲೇ ಇರುತ್ತದೆ. ಮೇಲೆ ನಿಂತ ಪಿಸ್ಟನ್, ಕೆಳಗೆ ನಿಲ್ಲದ ಕ್ರ್ಯಾಂಕ್, ಇವೆರಡರ ನಡುವೆ ಸಿಕ್ಕಿಕೊಳ್ಳುವುದು ಕನೆಕ್ಟಿಂಗ್ ರಾಡ್. ಅದು ಬಾಗುತ್ತದೆ. ಮೆಕ್ಯಾನಿಕ್‌ಗಳು ಹೈಡ್ರೋಲಾಕ್ ಎನ್ನುವುದು ಇದನ್ನೇ. ಡೀಸೆಲ್ ಎಂಜಿನ್‌ನಲ್ಲಿ ಕಂಪ್ರೆಷನ್ ಇನ್ನೂ ಹೆಚ್ಚು, ಆ ಖಾಲಿ ಜಾಗ ಇನ್ನೂ ಕಡಿಮೆ. ಹಾಗಾಗಿ ಅದು ಇನ್ನೂ ಕಡಿಮೆ ನೀರಿಗೇ ಕೆಡುತ್ತದೆ.

ನಿಮ್ಮ ಸಹೋದ್ಯೋಗಿಯ ಕಾರು ಬೇಸ್‌ಮೆಂಟ್‌ನಲ್ಲಿ ಆಫ್ ಆಗಿ ನಿಂತಿತ್ತು. ನೀರು ಒಳಗೆ ಬಂತು, ಕೂತಿತು, ಅಷ್ಟೇ. ಏನೂ ತಿರುಗದಿದ್ದಾಗ ಏನೂ ಬಾಗುವುದಿಲ್ಲ. ಅಂಥ ಎಂಜಿನ್‌ಗೆ ಶತ್ರು ತುಕ್ಕು. ತುಕ್ಕಿಗೆ ದಿನಗಳು ಬೇಕು. ಬೇಗ ಆಯಿಲ್ ಇಳಿಸಿ, ಪ್ಲಗ್ ಬಿಚ್ಚಿ ನೀರು ತೆಗೆದು, ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಹೀಗೆ ಎರಡು ಮೂರು ಸಲ ತೊಳೆದರೆ ಎಂಜಿನ್ ಮಟ್ಟಿಗೆ ಅದು ಬಹುಮಟ್ಟಿಗೆ ಉಳಿಯುತ್ತದೆ. ನಿಮ್ಮದಾದರೋ ಓಡುತ್ತಿರುವಾಗಲೇ ನೀರು ಎಳೆದುಕೊಂಡಿತು. ಸಿಲಿಂಡರ್‌ನಲ್ಲಿ ನೀರಿರುವಾಗ ನೀವು ಮತ್ತೆ ಸೆಲ್ಫ್ ಕೊಟ್ಟಿರಿ. ಇದನ್ನು ತಪ್ಪು ಹೊರಿಸಲು ಹೇಳುತ್ತಿಲ್ಲ. ಸುತ್ತ ನೀರು ಏರುತ್ತಿರುವಾಗ ಕೀ ತಿರುಗಿಸುವುದು ಯಾರಿಗೇ ಆದರೂ ತೋಚುವ ಕೆಲಸ. ಎಷ್ಟು ಹೊತ್ತು ಮುಳುಗಿತ್ತು ಎನ್ನುವುದಕ್ಕಿಂತ, ನೀರು ಒಳಗಿರುವಾಗ ಎಂಜಿನ್ ತಿರುಗಿತೇ ಎನ್ನುವುದೇ ಮುಖ್ಯ ಎಂದು ತಿಳಿಸಲು ಹೇಳುತ್ತಿದ್ದೇನೆ.

ಎಂಜಿನ್ ವಿಷಯ ಅಲ್ಲದಿದ್ದರೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. ಅಂಡರ್‌ಪಾಸ್‌ನ ನೀರಿನಲ್ಲಿ ಗಾಡಿ ನಿಂತರೆ ಸೆಲ್ಫ್ ಹೊಡೆಯುವುದೂ ಬೇಡ, ಗಾಡಿಯಲ್ಲಿ ಕೂರುವುದೂ ಬೇಡ. ಬಾಗಿಲು ತೆರೆಯಲು ಆಗುವಾಗಲೇ ಇಳಿದು ಎತ್ತರಕ್ಕೆ ಬನ್ನಿ. ಎಂಜಿನ್‌ಗೆ ಬೆಲೆ ಕಟ್ಟಬಹುದು.

ಈಗ ನಿಮ್ಮ ಕಾರಿಗೆ ಬರೋಣ. ಸರ್ವೀಸ್ ಸೆಂಟರ್‌ನವರ ಮಾತೂ ಸರಿಯಿರಬಹುದು, ಪೀಣ್ಯದವರ ಮಾತೂ ಸರಿಯಿರಬಹುದು. ಆದರೆ ಹೆಡ್ ಎತ್ತದೆ, ಅಳತೆ ತೆಗೆಯದೆ ಹೇಳಿದ್ದು ಇಬ್ಬರದೂ ಅಂದಾಜೇ. ರಿಪೇರಿಯೋ ಬದಲಾವಣೆಯೋ ಎಂಬುದನ್ನು ತೀರ್ಮಾನಿಸುವುದು ಎಂಜಿನ್ ಬ್ಲಾಕ್ ಮತ್ತು ಕ್ರ್ಯಾಂಕ್‌ನ ಸ್ಥಿತಿ. ಅವೆರಡೂ ಉಳಿದಿದ್ದರೆ ಬಾಗಿದ ರಾಡ್, ಕೆಟ್ಟ ಪಿಸ್ಟನ್, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಬಹುದು. ಅವು ಹೋಗಿದ್ದರೆ ಮಿಕ್ಕದ್ದನ್ನು ಉಳಿಸಿ ಪ್ರಯೋಜನವಿಲ್ಲ.

ಬಿಚ್ಚುವ ಮೊದಲೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಇವು ನಿಮ್ಮ ಕಣ್ಣೆದುರಿಗೇ ನಡೆಯಲಿ. ಎಂಜಿನ್ ತಳದ ಆಯಿಲ್ ಸಂಪ್‌ನ ಬೋಲ್ಟ್ ಸಡಿಲಿಸಿದಾಗ ಮೊದಲು ಏನು ಬರುತ್ತದೆ ನೋಡಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಹಾಗಾಗಿ ಒಳಗೆ ನೀರಿದ್ದರೆ ಮೊದಲು ಅದೇ ಸುರಿಯುತ್ತದೆ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರಿನ ಜೊತೆ ಕಡೆದುಕೊಂಡಿದೆ ಎಂದರ್ಥ. ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಪಾನಾ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸೆಲ್ಫ್ ಈಗಲೂ ಬೇಡ. ಎರಡು ಸುತ್ತು ಸಲೀಸಾಗಿ ಬಂದರೆ ಅದು ಒಳ್ಳೆಯ ಸೂಚನೆ. ಒಂದೇ ಜಾಗದಲ್ಲಿ ಪ್ರತಿ ಸಲ ತಡೆದರೆ ಒಳಗೆ ಏನೋ ಬಾಗಿದೆ ಅಥವಾ ಮುರಿದಿದೆ.

ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡುವ ಸೌಲಭ್ಯ ಈಗ ಅನೇಕ ಗ್ಯಾರೇಜ್‌ಗಳಲ್ಲಿದೆ. ಅದಕ್ಕಿಂತ ಸರಳವಾದ ಉಪಾಯವೂ ಇದೆ: ತೂತಿನಲ್ಲಿ ಒಂದು ಉದ್ದ ಕಡ್ಡಿ ಇಳಿಸಿ, ನಾಲ್ಕೂ ಪಿಸ್ಟನ್‌ಗಳು ಒಂದೊಂದಾಗಿ ಮೇಲೆ ಬಂದಾಗ ಎಷ್ಟು ಎತ್ತರಕ್ಕೆ ಬರುತ್ತವೆ ಎಂದು ಗುರುತು ಮಾಡುವುದು. ಮೂರು ಒಂದೇ ಎತ್ತರ, ಒಂದು ಮಾತ್ರ ಕೆಳಗೆ ಎಂದಾದರೆ, ಆ ಸಿಲಿಂಡರ್‌ನ ರಾಡ್ ಬಾಗಿ ಗಿಡ್ಡವಾಗಿದೆ. ಕಂಪ್ರೆಷನ್ ಗೇಜ್ ಇಟ್ಟು ನೋಡಿದರೂ ಆ ಸಿಲಿಂಡರ್ ಉಳಿದವುಗಳಿಗಿಂತ ಕಡಿಮೆ ತೋರಿಸುತ್ತದೆ.

ಇಲ್ಲಿ ಅನೇಕರಿಗೆ ಆಗುವ ಒಂದು ಗೊಂದಲವನ್ನು ಬಿಡಿಸಬೇಕು. ನೀರು ತೆಗೆದು ಒಣಗಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತು, ಓಡುತ್ತಿದೆ, ಹಾಗಾದರೆ ಏನೂ ಆಗಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಅದು ನಿಜವಲ್ಲ. ಒಂದು ಲೆಕ್ಕ ಹಾಕೋಣ. ನಿಮ್ಮಂಥ ಎಂಜಿನ್‌ನಲ್ಲಿ ಸಿಲಿಂಡರ್‌ನ ವ್ಯಾಸ ಸುಮಾರು 73 ಮಿಲಿಮೀಟರ್ ಎಂದುಕೊಂಡರೆ, ರಾಡ್ ಬಾಗಿ 1 ಮಿಲಿಮೀಟರ್ ಗಿಡ್ಡವಾದಾಗ ಮೇಲಿನ ಖಾಲಿ ಜಾಗ 33ರಿಂದ ಸುಮಾರು 37 ಮಿಲಿಲೀಟರ್‌ಗೆ ಏರುತ್ತದೆ. ಕಂಪ್ರೆಷನ್ 10:1 ಇದ್ದದ್ದು ಆ ಒಂದು ಸಿಲಿಂಡರ್‌ನಲ್ಲಿ 9:1ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಎಂಜಿನ್ ನಿಲ್ಲುವುದಿಲ್ಲ. ಸ್ವಲ್ಪ ನಡುಗಬಹುದು, ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಅದೂ ಗೊತ್ತಾಗದೆ ಹೋಗಬಹುದು. ಆದರೆ ಬಾಗಿದ ರಾಡ್ ಪಿಸ್ಟನ್ ಅನ್ನು ಪ್ರತಿ ಸುತ್ತಿಗೂ ಗೋಡೆಯ ಒಂದು ಬದಿಗೆ ಒತ್ತುತ್ತಿರುತ್ತದೆ, ಬೇರಿಂಗ್ ಒಂದು ಅಂಚಿನಲ್ಲಿ ಸವೆಯುತ್ತಿರುತ್ತದೆ, ಬಾಗಿದ ಜಾಗದಲ್ಲಿ ಲೋಹ ದಣಿಯುತ್ತಿರುತ್ತದೆ. ತಿಂಗಳುಗಳ ನಂತರ ಯಾವುದೋ ಹೆದ್ದಾರಿಯಲ್ಲಿ ಆ ರಾಡ್ ಮುರಿದು ಬ್ಲಾಕ್‌ನ ಗೋಡೆ ಒಡೆದು ಹೊರಬಂದರೆ, ಇವತ್ತು ಒಂದು ರಾಡ್‌ನಲ್ಲಿ ಮುಗಿಯುವ ರಿಪೇರಿ ಅವತ್ತು ಪೂರ್ತಿ ಎಂಜಿನ್ ಆಗುತ್ತದೆ. ಓಡುತ್ತಿದೆ ಎನ್ನುವುದಷ್ಟೇ ಪುರಾವೆಯಲ್ಲ, ಅಳತೆ ಬೇಕು.

ಇದಕ್ಕೆ ಎದುರಾದ ತಪ್ಪು ತಿಳಿವಳಿಕೆಯೂ ಇದೆ. ಎಂಜಿನ್ ಜಾಮ್ ಆಗಿದೆ ಎಂದ ಕೂಡಲೇ ಅದು ಸತ್ತಿತು ಎಂದಲ್ಲ. ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೂ ತಿರುಗುವುದಿಲ್ಲ, ಪ್ಲಗ್ ಬಿಚ್ಚಿದರೆ ಸಲೀಸಾಗುತ್ತದೆ.

ಪರೀಕ್ಷೆಯಲ್ಲಿ ಅನುಮಾನ ಬಂತೆಂದರೆ ಎಂಜಿನ್ ಇಳಿಸಿ ಬಿಚ್ಚಲೇಬೇಕು. ನಿಮ್ಮ ‘ಟಕ್’ ಸದ್ದಿನ ವಿವರಣೆ ಕೇಳಿದರೆ ಬಿಚ್ಚುವ ಹಂತಕ್ಕೆ ಬರುತ್ತದೆ ಎಂದೇ ನನಗೆ ಅನಿಸುತ್ತದೆ. ಈ ಹಂತದಲ್ಲಿ ಪೀಣ್ಯ ನಿಮಗೆ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಮೆಷಿನ್ ಶಾಪ್‌ಗಳಲ್ಲಿ ಬೋರ್ ಗೇಜ್, ಮೈಕ್ರೋಮೀಟರ್ ಹಿಡಿದು ಮಿಲಿಮೀಟರ್‌ನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುವುದು ದಿನನಿತ್ಯದ ಕೆಲಸ. ಕೇಳಬೇಕಾದ ಅಳತೆಗಳು ಇವು: ಪ್ರತಿ ಸಿಲಿಂಡರ್‌ನ ವ್ಯಾಸ ಮೇಲೆ, ನಡುವೆ, ಕೆಳಗೆ ಎಷ್ಟಿದೆ, ಗುಂಡಗಿದೆಯೇ, ಅಂಡಾಕಾರವಾಗಿದೆಯೇ, ಕ್ರ್ಯಾಂಕ್‌ನ ಜರ್ನಲ್‌ಗಳು ಸರಿಯಿವೆಯೇ, ಕ್ರ್ಯಾಂಕ್ ಬಾಗಿದೆಯೇ, ಬ್ಲಾಕ್‌ನಲ್ಲಿ, ಮುಖ್ಯವಾಗಿ ಮೇನ್ ಬೇರಿಂಗ್ ಕೂರುವ ಜಾಗದಲ್ಲಿ, ಬಿರುಕಿದೆಯೇ, ನಾಲ್ಕೂ ರಾಡ್ ನೆಟ್ಟಗಿವೆಯೇ. ಈ ಅಳತೆಗಳನ್ನು ಕಂಪನಿಯ ಮಿತಿಯ ಪಕ್ಕದಲ್ಲಿ ಬರೆದ ಒಂದು ಹಾಳೆ ನಿಮ್ಮ ಕೈಗೆ ಸಿಗಬೇಕು. ಅಂಥ ಹಾಳೆ ಕೊಡಲು ಒಪ್ಪುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅವರ ಬೋರ್ಡ್ ದೊಡ್ಡದಿರಲಿ ಚಿಕ್ಕದಿರಲಿ.

ಅಳತೆ ಬಂದ ಮೇಲೆ ದಾರಿ ಕವಲೊಡೆಯುತ್ತದೆ. ಬ್ಲಾಕ್, ಕ್ರ್ಯಾಂಕ್ ಸರಿಯಿದ್ದು ಒಂದೆರಡು ರಾಡ್ ಮಾತ್ರ ಬಾಗಿದ್ದರೆ ರಿಪೇರಿ. ಆದರೆ ಬಾಗಿದ ರಾಡ್ ಅನ್ನು ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿ ಮತ್ತೆ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಹೊಸ ರಾಡ್, ಉಳಿದವುಗಳ ತೂಕಕ್ಕೆ ಹೊಂದುವಂಥದ್ದು, ಹೊಸ ಬೋಲ್ಟ್, ಹೊಸ ಬೇರಿಂಗ್, ಹೊಸ ರಿಂಗ್, ಹೊಸ ಹೆಡ್ ಗ್ಯಾಸ್ಕೆಟ್, ಇಷ್ಟು ಇರಲೇಬೇಕು. ಸಿಲಿಂಡರ್ ಗೋಡೆಗೆ ಗೀರು ಬಿದ್ದಿದ್ದರೆ ರೀಬೋರ್ ಮಾಡಬಹುದೇ ಎಂದು ಕೇಳಿ. ಹಳೆಯ ಎರಕದ ಕಬ್ಬಿಣದ ಬ್ಲಾಕ್‌ಗಳಿಗೆ 0.25, 0.50 ಮಿಲಿಮೀಟರ್ ದೊಡ್ಡ ಪಿಸ್ಟನ್‌ಗಳು ಸಿಗುತ್ತಿದ್ದವು. ಈಗಿನ ಅನೇಕ ಅಲ್ಯೂಮಿನಿಯಂ ಬ್ಲಾಕ್‌ಗಳಲ್ಲಿ ಲೈನರ್ ತೆಳು, ಕೆಲವದರಲ್ಲಿ ಬರೀ ಲೇಪನ. ಅಂಥವಕ್ಕೆ ಕಂಪನಿಯಿಂದ ದೊಡ್ಡ ಪಿಸ್ಟನ್ ಬರದೇ ಇರಬಹುದು. ಆಗ ಮೆಕ್ಯಾನಿಕ್ ಎಷ್ಟೇ ನುರಿತವರಾದರೂ ರೀಬೋರ್‌ನ ದಾರಿ ಮುಚ್ಚುತ್ತದೆ. ಸರ್ವೀಸ್ ಸೆಂಟರ್‌ನವರು ಬೇಗ ‘ಬದಲಾಯಿಸಿ’ ಎನ್ನುವುದಕ್ಕೆ ಇದೂ ಒಂದು ಕಾರಣ. ಅದು ಯಾವಾಗಲೂ ದುರಾಸೆಯ ಮಾತಲ್ಲ.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಬಾಗಿದ್ದರೆ, ಬದಲಾವಣೆ. ಇಲ್ಲಿಯೂ ಮೂರು ಬಗೆಯಿದೆ. ಪೂರ್ತಿ ಹೊಸ ಎಂಜಿನ್ ಬಹಳ ದುಬಾರಿ, ಬೇಕಾಗುವುದೂ ಅಪರೂಪ. ಹಾಫ್ ಎಂಜಿನ್ ಎಂದರೆ ಬ್ಲಾಕ್, ಕ್ರ್ಯಾಂಕ್, ರಾಡ್, ಪಿಸ್ಟನ್ ಸೇರಿಸಿ ಕಂಪನಿಯೇ ಜೋಡಿಸಿ ಕಳಿಸಿದ ಕೆಳಗಿನ ಅರ್ಧ. ನಿಮ್ಮ ಹಳೆಯ ಹೆಡ್ ಸರಿಯಿದ್ದರೆ ಅದರ ಮೇಲೇ ಕೂರಿಸಬಹುದು. ಮೂರನೆಯದು ಗುಜರಿಯಿಂದ ತಂದ ಹಳೆಯ ಎಂಜಿನ್. ಬೆಲೆ ಕಡಿಮೆ ಎಂದು ಆಸೆಯಾಗುತ್ತದೆ, ಆದರೆ ಅದು ಇನ್ನೊಂದು ಮುಳುಗಿದ ಕಾರಿನದೇ ಆಗಿದ್ದರೂ ನೋಡಿದರೆ ತಿಳಿಯುವುದಿಲ್ಲ. ಬಿಲ್ ಮತ್ತು ಮೂಲ ಗಾಡಿಯ ಕಾಗದ ಇಲ್ಲದೆ ಅದನ್ನು ಮುಟ್ಟಲೇಬೇಡಿ. ಎಂಜಿನ್ ನಂಬರ್ ಕೊರೆದಿರುವುದು ಬ್ಲಾಕ್ ಮೇಲೆ. ಬ್ಲಾಕ್ ಬದಲಾದರೆ ನಂಬರೂ ಬದಲಾಗುತ್ತದೆ, ಆರ್‌ಸಿಯಲ್ಲಿ ತಿದ್ದುಪಡಿಯಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು. ಮೊದಲೇ ಆರ್‌ಟಿಓ ಒಪ್ಪಿಗೆ ಪಡೆಯುವುದು ಉತ್ತಮ. ಒಪ್ಪಿಗೆಯಿಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನಗಳೊಳಗೆ ನೀವು ವಾಸಿಸುವ ವ್ಯಾಪ್ತಿಯ ಆರ್‌ಟಿಓಗೆ ವರದಿ ಮಾಡಬೇಕು. ವೈಟ್‌ಫೀಲ್ಡ್‌ನವರಿಗೆ ಅದು ಸಾಮಾನ್ಯವಾಗಿ ಕೆ.ಆರ್. ಪುರದ ಕಚೇರಿ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಅಲ್ಲಿಯದೇ ಕಚೇರಿ. ವಿಮೆಯವರಿಗೂ ಹೊಸ ನಂಬರ್ ತಿಳಿಸಿ. ಇಲ್ಲದಿದ್ದರೆ ಮುಂದಿನ ಕ್ಲೇಮ್‌ನಲ್ಲಿ, ಇಲ್ಲವೇ ಕಾರು ಮಾರುವಾಗ, ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ.

ಇನ್ನು ದುಡ್ಡಿನ ವಿಷಯ. ಪಾಲಿಸಿ ತೆಗೆದು ಎರಡು ಪದ ಹುಡುಕಿ: ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ನಮೂದಿಸಿದ ಮೌಲ್ಯ) ಮತ್ತು ಎಂಜಿನ್ ಪ್ರೊಟೆಕ್ಟ್. ಸ್ವಂತ ಹಾನಿಗೆ ವಿಮೆ ಇರುವ ಪಾಲಿಸಿಯಲ್ಲಿ ನೆರೆಯ ಹಾನಿ ಸೇರುತ್ತದೆ. ಆದರೆ ನೀರಿರುವಾಗ ಸೆಲ್ಫ್ ಹೊಡೆದು ರಾಡ್ ಬಾಗಿದ್ದನ್ನು ವಿಮೆಯವರು ನೆರೆಯ ನೇರ ಹಾನಿ ಎಂದು ಒಪ್ಪುವುದಿಲ್ಲ, ಅದರ ನಂತರದ ಹಾನಿ ಎನ್ನುತ್ತಾರೆ. ಅದಕ್ಕಾಗಿಯೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬಂದಿರುವುದು. ಅದು ಇದ್ದರೂ ಷರತ್ತುಗಳನ್ನು ಓದಿ. ಸರ್ವೇಯರ್ ಬಂದಾಗ ನಡೆದದ್ದನ್ನು ನಡೆದಂತೆಯೇ ಹೇಳಿ, ಅವರು ನೋಡುವ ಮೊದಲು ಎಂಜಿನ್ ಬಿಚ್ಚಿಸಬೇಡಿ.

ವಿಮೆ ಒಪ್ಪಿದರೂ ಸವಕಳಿ ಕಳೆಯುತ್ತಾರೆ. 5ರಿಂದ 10 ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ. 40, ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50. ಲೆಕ್ಕಕ್ಕಾಗಿ ಹಾಫ್ ಎಂಜಿನ್ ಬೆಲೆ 1,50,000 ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿಯಿಲ್ಲದ ಪಾಲಿಸಿ ನಿಮ್ಮದಲ್ಲದಿದ್ದರೆ 60,000 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಒಟ್ಟು ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟವೆಂದು ಪರಿಗಣಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ನೀರು ಡ್ಯಾಶ್‌ಬೋರ್ಡ್‌ವರೆಗೆ ಏರಿದ್ದರೆ ಈ ದಾರಿಯನ್ನು ಬೇಸರವಿಲ್ಲದೆ ಒಪ್ಪಿಕೊಳ್ಳಿ ಎನ್ನುತ್ತೇನೆ. ಬೆಳ್ಳಂದೂರು ಕಡೆಯ ನೀರು ಬರೀ ಮಳೆನೀರಲ್ಲ, ಚರಂಡಿಯೂ ಬೆರೆತಿರುತ್ತದೆ. ವೈರಿಂಗ್, ಇಸಿಯು, ಸೆನ್ಸರ್, ಏರ್‌ಬ್ಯಾಗ್‌ಗಳ ಕನೆಕ್ಟರ್‌ಗಳಲ್ಲಿ ಅದು ಹಸಿರು ಕಿಲುಬು ಹಿಡಿಸುತ್ತಾ ಹೋಗುತ್ತದೆ, ಎಂಜಿನ್ ಹೊಸದಾದರೂ ಕಾರು ಹೊಸದಾಗುವುದಿಲ್ಲ. ನಿಮ್ಮ ಕಾರಿನಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ನೀವು ಬರೆದಿಲ್ಲ. ಸೀಟಿನ ಕೆಳಗೇ ನಿಂತಿದ್ದರೆ ಎಂಜಿನ್‌ಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ.

ರಿಪೇರಿ ಎಸ್ಟಿಮೇಟ್ ಹಾಫ್ ಎಂಜಿನ್ ಬೆಲೆಯ ಅರ್ಧದೊಳಗಿದ್ದು, ಅಳತೆಯ ಹಾಳೆಯಲ್ಲಿ ಬ್ಲಾಕ್ ಕ್ರ್ಯಾಂಕ್ ಸರಿಯಿದ್ದರೆ ನಾನು ರಿಪೇರಿಯನ್ನೇ ಆರಿಸುತ್ತೇನೆ. ಮೂರರಲ್ಲಿ ಎರಡು ಭಾಗ ದಾಟಿತೆಂದರೆ ಹಾಫ್ ಎಂಜಿನ್ ಕಡೆ ವಾಲುತ್ತೇನೆ, ಏಕೆಂದರೆ ಅದಕ್ಕೆ ಕಂಪನಿಯ ವಾರಂಟಿ ಇರುತ್ತದೆ. ಈ ಎರಡರ ನಡುವೆ ಇದ್ದರೆ ಗ್ಯಾರೇಜಿನವರು ಎಷ್ಟು ತಿಂಗಳ ವಾರಂಟಿಯನ್ನು ಬಿಲ್ ಮೇಲೆ ಬರೆದುಕೊಡುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಿ. ಎರಡೂ ಎಸ್ಟಿಮೇಟ್‌ಗಳಲ್ಲಿ ಸೆಲ್ಫ್ ಮೋಟರ್, ಆಲ್ಟರ್ನೇಟರ್, ಗೇರ್ ಆಯಿಲ್ ಬದಲಾವಣೆ, ಎಂಜಿನ್ ಇಳಿಸಿ ಏರಿಸುವ ಕೂಲಿ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇವನ್ನು ಬಿಟ್ಟು ಹೇಳಿದ ಮೊತ್ತ ಕಡಿಮೆ ಕಾಣುವುದು ಸಹಜವೇ.

ಕೊನೆಗೆ ನಿಮ್ಮ ಭಾವನವರ ಜೆಟ್ ಸ್ಕೀ. ಹೈಡ್ರೋಲಾಕ್‌ನ ಲೆಕ್ಕ ಅದೇ, ತೀರ್ಮಾನ ಮಾಡುವ ಕ್ರಮವೂ ಅದೇ: ನೀರಿರುವಾಗ ತಿರುಗಿತೇ, ಬ್ಲಾಕ್ ಕ್ರ್ಯಾಂಕ್ ಉಳಿದಿವೆಯೇ. ಆದರೆ ಸಮಯ ಮಾತ್ರ ಬಹಳ ಕಡಿಮೆ. ಪಣತ್ತೂರಿನ ನೀರು ದಿನಗಳಲ್ಲಿ ಮಾಡುವ ಹಾನಿಯನ್ನು ಉಪ್ಪುನೀರು ಗಂಟೆಗಳಲ್ಲಿ ಮಾಡುತ್ತದೆ. ಎಂಜಿನ್‌ಗೆ ಸಮುದ್ರದ ನೀರು ಹೋದರೆ ಅದೇ ದಿನ ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಆಯಿಲ್ ಬದಲಾಯಿಸಿ, ಸಿಲಿಂಡರ್‌ಗಳಿಗೆ ಎಣ್ಣೆ ಸಿಂಪಡಿಸಿ, ಎಂಜಿನ್ ಸರಿಯಿದ್ದರೆ ಓಡಿಸಿ ಬಿಸಿ ಮಾಡಬೇಕು. ನಾಳೆ ನೋಡೋಣ ಎಂದರೆ ಬೇರಿಂಗ್‌ಗಳಿಗೆ ತುಕ್ಕು ಹತ್ತಿ, ರಿಪೇರಿಯಾಗುತ್ತಿದ್ದ ಎಂಜಿನ್ ಬದಲಾವಣೆಗೆ ಬರುತ್ತದೆ. ಇನ್ನೆರಡು ವಿಷಯ ಅವರಿಗೆ ತಿಳಿಸಿ. ಮಗುಚಿದ ಜೆಟ್ ಸ್ಕೀಯನ್ನು ಯಾವ ಕಡೆಗೆ ಹೊರಳಿಸಿ ಎತ್ತಬೇಕೆಂದು ಅದರ ಹಿಂಬದಿಯಲ್ಲೇ ಗುರುತು ಹಾಕಿರುತ್ತಾರೆ, ಆ ದಿಕ್ಕಿಗೇ ಹೊರಳಿಸಬೇಕು. ತಪ್ಪು ದಿಕ್ಕಿಗೆ ಹೊರಳಿಸಿದರೆ ಎಕ್ಸಾಸ್ಟ್‌ನಲ್ಲಿರುವ ನೀರು ಸಿಲಿಂಡರ್‌ಗೆ ಇಳಿಯಬಹುದು. ಕೆಟ್ಟು ನಿಂತದ್ದನ್ನು ದೋಣಿಗೆ ಕಟ್ಟಿ ದಡಕ್ಕೆ ತರುವಾಗಲೂ ಗಂಟೆಗೆ 8 ಕಿಲೋಮೀಟರ್ ಮೀರದಂತೆ ನಿಧಾನವಾಗಿ ಎಳೆಯಬೇಕು. ವೇಗ ಹೆಚ್ಚಾದರೆ ಜೆಟ್ ಪಂಪ್‌ನ ಕಡೆಯಿಂದ ತಂಪು ಮಾಡುವ ಕೊಳವೆಯೊಳಗೆ ನೀರು ಒತ್ತಿಕೊಂಡು ಹೋಗಿ, ಓಡದೆ ಸುಮ್ಮನಿದ್ದ ಎಂಜಿನ್ನೇ ತುಂಬಿಕೊಳ್ಳುತ್ತದೆ.